ಮನೆಯ ಗಣಕಯಂತ್ರಕ್ಕೆ ಒಬ್ಬ ಕಾವಲುಗಾರ

(ಶತಮಾನೋತ್ಸವದ ಅಂಗವಾಗಿ, ಗೋವೆಯಲ್ಲಿ ನೆಲೆಸಿರುವ ಹಿರಿಯ ವಿದ್ಯಾರ್ಥಿಗಳು ಮತ್ತು ಪಾಲಕರು ವಾಸ್ಕೋದಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಕನ್ನಡ ಶಾಲೆಯೊಂದರ ಉತ್ಸವದಲ್ಲಿ ಗಣಕಯಂತ್ರದ ಸುರಕ್ಷತೆಯ ಬಗೆಗೆ ಮಾತನಾಡಲು ನಾನು ಒಪ್ಪಿಕೊಂಡದ್ದನ್ನು ಕೇಳಿ ಕೆಲವರಿಗೆ ಅಚ್ಚರಿಯಾಗಿದೆ. ನಾನು ಗಣಕಶಾಸ್ತ್ರದ ಪಂಡಿತನಲ್ಲ. ಬದುಕಿನ ಬಹುಭಾಗವನ್ನು ಲೆಕ್ಕಪತ್ರಗಳ ನಡುವೆ ಕಳೆದವನು. ಆದರೂ ಈ ವಿಷಯವನ್ನು ನಾನೇ ಕೇಳಿ ಪಡೆದುಕೊಂಡೆ. ಏಕೆಂದರೆ ಈ ಶಾಲೆಗೆ ನನ್ನಿಂದ ಒಂದು ನಷ್ಟವಾಗಿದೆ. ಅದನ್ನು ಸಭೆಯ ಮುಂದೆ ಒಪ್ಪಿಕೊಳ್ಳುವುದು, ಅದರಿಂದ ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಸ್ಮರಣ ಸಂಚಿಕೆಯ ಸಿದ್ಧತೆ ಆರಂಭವಾದಾಗ ಸಮಿತಿಯವರು ನನಗೆ ಒಂದು ಕೆಲಸ ವಹಿಸಿದರು. ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಉಳಿದಿರುವ ಶಾಲೆಯ ಭಾವಚಿತ್ರಗಳನ್ನು ಸಂಗ್ರಹಿಸಿ, ಸ್ಕ್ಯಾನ್ ಮಾಡಿ, ಮೂಲ ಪ್ರತಿಗಳನ್ನು ಅವರವರಿಗೆ ಮರಳಿಸಬೇಕು. ಹಾಜರಿ ಪುಸ್ತಕದ ಹಳೆಯ ಪುಟಗಳನ್ನೂ ಹಾಗೆಯೇ ಸೆರೆಹಿಡಿಯಬೇಕು. ಒಂದು ಮಳೆಗಾಲವಿಡೀ ನಾನು ಈ ಕೆಲಸವನ್ನು ಸಂತೋಷದಿಂದ ಮಾಡಿದೆ. ಇನ್ನೂರಕ್ಕೂ ಹೆಚ್ಚು ಚಿತ್ರಗಳು ನನ್ನ ಮನೆಯ ಗಣಕಯಂತ್ರದಲ್ಲಿ ಸೇರಿದವು. ಬಹುತೇಕ ಚಿತ್ರಗಳು ಹಳದಿಗಟ್ಟಿದ್ದವು, ಕಲೆಗಳಾಗಿದ್ದವು. ಅವನ್ನು ತಿದ್ದಿ ಹೊಸದಾಗಿಸುವ ಒಂದು ತಂತ್ರಾಂಶವಿದೆಯೆಂದು ಕೇಳಿದೆ. ಅದರ ಬೆಲೆ ನನಗೆ ಹೆಚ್ಚೆನಿಸಿತು. ಅಂತರಜಾಲದಲ್ಲಿ ಹುಡುಕಿದಾಗ ಅದೇ ತಂತ್ರಾಂಶದ ಕಳ್ಳಪ್ರತಿ ಉಚಿತವಾಗಿ ಸಿಕ್ಕಿತು. ಅದರ ಜೊತೆಗಿದ್ದ ಸೂಚನೆಯ ಮೊದಲ ಸಾಲೇ ಹೀಗಿತ್ತು: ಅಳವಡಿಸುವ ಮೊದಲು ನಿಮ್ಮ ಆಂಟಿವೈರಸ್ಸನ್ನು ನಿಲ್ಲಿಸಿರಿ.

ನಾನು ಅದನ್ನು ತೆರೆಯಲು ಹೋದಾಗ ಆಂಟಿವೈರಸ್ ಕೆಂಪು ಅಕ್ಷರಗಳಲ್ಲಿ ಎಚ್ಚರಿಸಿತು. ನಾನು ಅದನ್ನು ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ಒಂದು ಚಿತ್ರವೂ ತೆರೆಯಲಿಲ್ಲ. ಪ್ರತಿ ಕಡತದ ಹೆಸರಿಗೂ ಅರ್ಥವಿಲ್ಲದ ಬಾಲವೊಂದು ಅಂಟಿಕೊಂಡಿತ್ತು. ಪ್ರತಿಯೊಂದು ಕೋಶದಲ್ಲಿಯೂ ಒಂದೇ ಪತ್ರ: ಇಷ್ಟು ಹಣ ಕೊಟ್ಟರೆ ಕೀಲಿ ಕೊಡುತ್ತೇವೆ. ಇಂಥ ಕುತಂತ್ರಾಂಶಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಒತ್ತೆಹಣ ಕೇಳುವ ಕಳ್ಳ. ಯೂರೋಪಿನ ಪೊಲೀಸ್ ಸಂಸ್ಥೆಗಳೂ ಸುರಕ್ಷಾ ಕಂಪನಿಗಳೂ ಸೇರಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ಎಂಬ ತಾಣದಲ್ಲಿ ಇಂಥ ಹಲವು ಬೀಗಗಳಿಗೆ ಉಚಿತ ಕೀಲಿಗಳಿವೆ. ಅಲ್ಲಿಯೂ ಹುಡುಕಿದೆ. ನನ್ನ ಕಡತಗಳ ಕೀಲಿ ಅಲ್ಲಿರಲಿಲ್ಲ. ಹಣ ಕೊಡಲಿಲ್ಲ, ಕೊಟ್ಟವರಿಗೆಲ್ಲ ಕೀಲಿ ಸಿಗುತ್ತದೆಂಬ ಭರವಸೆಯೂ ಇಲ್ಲ.

ಮೂಲಚಿತ್ರಗಳು ಮನೆಮನೆಗಳಲ್ಲಿದ್ದುದರಿಂದ ಬಹುಪಾಲನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಲು ಸಾಧ್ಯವಾಯಿತು. ಆದರೆ ಒಂದು ಮನೆಯ ಹನ್ನೊಂದು ಚಿತ್ರಗಳು ಸಿಗಲಿಲ್ಲ. ನಾನು ಆಲ್ಬಮ್ಮನ್ನು ಮರಳಿಸಿದ ಮೇಲೆ ಆ ಮನೆಯ ಮಾಡು ಸೋರಿ, ಆಲ್ಬಮ್ ನೆನೆದು ಮುದ್ದೆಯಾಗಿತ್ತು. ಆ ಹನ್ನೊಂದರಲ್ಲಿ ಒಂದು, ನಮ್ಮ ಶಾಲೆಯ ತರಗತಿಯೊಂದರಲ್ಲಿ ಹೆಣ್ಣುಮಕ್ಕಳು ಮೊದಲ ಸಾಲಿನಲ್ಲಿ ಕುಳಿತಿರುವ, ನಮಗೆ ದೊರೆತ ಅತ್ಯಂತ ಹಳೆಯ ಚಿತ್ರ. ಆಲ್ಬಮ್ ಕೊಟ್ಟ ಅಜ್ಜಿಯವರು ನನ್ನನ್ನು ಬೈಯಲಿಲ್ಲ. "ನಿಮ್ಮ ಡಬ್ಬಿಯೊಳಗೆ ಇದೆಯಲ್ಲ, ಅಲ್ಲಿಂದ ಒಂದು ಪ್ರತಿ ತೆಗೆದುಕೊಡಿ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಬಂಧುಗಳೇ, ಇದು ನನ್ನೊಬ್ಬನ ಕಥೆಯಲ್ಲ. ನಾವು ವಾಸಿಸುವ ಈ ರಾಜ್ಯದಲ್ಲಿಯೇ ಇದಕ್ಕಿಂತ ದೊಡ್ಡ ಉದಾಹರಣೆಯಿದೆ. ಗೋವೆಯ ಜಲಸಂಪನ್ಮೂಲ ಇಲಾಖೆಯು ಪ್ರಮುಖ ನದಿಗಳ ದಂಡೆಯ 15 ಸ್ಥಳಗಳಲ್ಲಿ ನೀರಿನ ಮಟ್ಟವನ್ನೂ ಮಳೆಯ ಪ್ರಮಾಣವನ್ನೂ ಅಳೆಯುವ ಪ್ರವಾಹ ನಿಗಾ ವ್ಯವಸ್ಥೆಯನ್ನು ಇರಿಸಿದೆ. 2022ರ ಜೂನ್ ತಿಂಗಳಲ್ಲಿ, ಮಳೆಗಾಲದ ಆರಂಭದಲ್ಲಿಯೇ, ಆ ಮಾಹಿತಿಯನ್ನೆಲ್ಲ ಕೂಡಿಡುವ ಸರ್ವರ್ ಇಂಥದೇ ಒತ್ತೆಕಳ್ಳನ ಕೈಗೆ ಸಿಕ್ಕಿತು. ಕಡತಗಳಿಗೆ ಬೀಗ ಬಿತ್ತು. ಬಿಟ್‌ಕಾಯಿನ್ ರೂಪದಲ್ಲಿ ಹಣದ ಬೇಡಿಕೆ ಬಂತು. ಇಲಾಖೆಯು ಪೊಲೀಸರಿಗೆ ಸಲ್ಲಿಸಿದ ದೂರಿನಲ್ಲಿ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿತ್ತು: ಸರ್ವರ್ ಹಗಲೂ ರಾತ್ರಿ ಅಂತರಜಾಲಕ್ಕೆ ಜೋಡಣೆಯಾಗಿತ್ತು, ಆಂಟಿವೈರಸ್ ಇರಲಿಲ್ಲ, ಫೈರ್‌ವಾಲ್ ಹಳೆಯದಾಗಿತ್ತು.

ಎರಡೂ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಅಲ್ಲಿ ಕಾವಲುಗಾರನೇ ಇರಲಿಲ್ಲ. ನನ್ನ ಮನೆಯಲ್ಲಿ ಕಾವಲುಗಾರನಿದ್ದ. ಅವನು ಕೂಗಿ ಹೇಳಿದ. ನಾನೇ ಅವನನ್ನು ಹೊರಗೆ ಕಳುಹಿಸಿದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೆ. ಸುರಕ್ಷಾ ತಂತ್ರಾಂಶದ ಆಯ್ಕೆ ಎರಡು ಹೆಜ್ಜೆಗಳ ಕೆಲಸ: ನಂಬಿಕೆಗೆ ಅರ್ಹನಾದ ಒಬ್ಬ ಕಾವಲುಗಾರನನ್ನು ನೇಮಿಸುವುದು ಮೊದಲನೆಯದು, ಅವನ ಮಾತನ್ನು ಕೇಳುವುದು ಎರಡನೆಯದು. ಮೊದಲನೆಯದು ನಾವು ಅಂದುಕೊಂಡಷ್ಟು ಕಠಿಣವಲ್ಲ. ಎರಡನೆಯದು ನಾವು ಅಂದುಕೊಂಡಷ್ಟು ಸುಲಭವಲ್ಲ.

ಮೊದಲು ನೇಮಕದ ಮಾತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಗೋವಾ ಸರ್ಕಾರವು ಸೈಬರ್‌ಏಜ್ ಎಂಬ ಯೋಜನೆಯಡಿ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಗಣಕಯಂತ್ರಗಳನ್ನು ಕೊಡತೊಡಗಿದಾಗ, ಅನೇಕ ಮನೆಗಳಿಗೆ ಈ ಯಂತ್ರ ಮೊದಲ ಬಾರಿಗೆ ಪ್ರವೇಶಿಸಿತು. ಆಗ ವೈರಸ್ ಎಂದರೆ ಯಂತ್ರವನ್ನು ಕೆಡಿಸುವ ಕೀಟಲೆ ಎಂಬ ಭಾವನೆ ನಮ್ಮಲ್ಲಿತ್ತು. ವೈಯಕ್ತಿಕ ಗಣಕಯಂತ್ರಗಳ ಮೊದಲ ವೈರಸ್ ಎನ್ನಲಾಗುವ 'ಬ್ರೇನ್' 1986ರಲ್ಲಿ ಲಾಹೋರಿನ ಇಬ್ಬರು ಸಹೋದರರ ಅಂಗಡಿಯಿಂದ ಹೊರಟಿತು. ಅದರೊಳಗೆ ಅವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳೂ ಇದ್ದವು. ಇಂದಿನ ಕಳ್ಳನು ವಿಳಾಸ ಬಿಟ್ಟುಹೋಗುವುದಿಲ್ಲ. ಅವನಿಗೆ ಬೇಕಾದುದು ಹಣ, ಇಲ್ಲವೇ ಹಣದ ದಾರಿ ತೋರುವ ಗುಪ್ತಪದ.

ಆಂಟಿವೈರಸ್ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಪೊಲೀಸ್ ಠಾಣೆಯ ಗೋಡೆಯ ಮೇಲೆ ಹಳೆಯ ಕಳ್ಳರ ಭಾವಚಿತ್ರಗಳಿರುವಂತೆ, ಅದರ ಬಳಿ ಈಗಾಗಲೇ ಗೊತ್ತಿರುವ ಕುತಂತ್ರಾಂಶಗಳ ಗುರುತುಗಳ ಪಟ್ಟಿಯಿರುತ್ತದೆ. ಒಳಬರುವ ಪ್ರತಿಯೊಂದು ಕಡತವನ್ನೂ ಅದಕ್ಕೆ ಹೋಲಿಸಿ ನೋಡುತ್ತದೆ. ಹೊಸ ಕಳ್ಳರು ದಿನವೂ ಹುಟ್ಟುವುದರಿಂದ ಈ ಪಟ್ಟಿ ದಿನವೂ ಹೊಸದಾಗಬೇಕು. ಎರಡನೆಯದು ನಡವಳಿಕೆಯ ಪರೀಕ್ಷೆ. ಪಟ್ಟಿಯಲ್ಲಿಲ್ಲದ ತಂತ್ರಾಂಶವೊಂದು ಒಮ್ಮೆಲೇ ನೂರಾರು ಕಡತಗಳನ್ನು ಬದಲಿಸತೊಡಗಿದರೆ, ಮುಖಪರಿಚಯವಿಲ್ಲದಿದ್ದರೂ ಅದನ್ನು ತಡೆಯುವುದು. ನವೀಕರಣ ನಿಂತುಹೋದ ಆಂಟಿವೈರಸ್ ಎಂದರೆ ಕಳೆದ ವರ್ಷದ ಪಟ್ಟಿ ಹಿಡಿದು ಬಾಗಿಲಲ್ಲಿ ಕುಳಿತ ಕಾವಲುಗಾರ.

ಇನ್ನು ಆಯ್ಕೆ. ನನ್ನ ಅನುಭವದಿಂದ ಐದು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲ ಪ್ರಶ್ನೆ: ಮನೆಯಲ್ಲಿ ಈಗಾಗಲೇ ಕಾವಲುಗಾರನಿದ್ದಾನೆಯೇ? 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ವಿಂಡೋಸ್‌ನಲ್ಲಿಯೇ 'ಡಿಫೆಂಡರ್' ಎಂಬ ಆಂಟಿವೈರಸ್ ಅಂತರ್ಗತವಾಗಿದೆ. ಅದಕ್ಕೆ ಬೇರೆ ಹಣವಿಲ್ಲ. ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಪತ್ರ, ಚಿತ್ರ ಇಷ್ಟೇ ಇರುವ ಸಾಮಾನ್ಯ ಮನೆಗೆ, ನವೀಕರಣಗೊಳ್ಳುತ್ತಿರುವ ಡಿಫೆಂಡರ್ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಇಂದು ಮನೆಗೆ ಹೋದೊಡನೆ 'ವಿಂಡೋಸ್ ಸೆಕ್ಯುರಿಟಿ' ಎಂಬುದನ್ನು ತೆರೆದು ನೋಡಿರಿ. ಎಲ್ಲ ಕಡೆ ಹಸಿರು ಗುರುತಿದ್ದರೆ ನಿಮ್ಮ ಕಾವಲುಗಾರ ಎಚ್ಚರವಾಗಿದ್ದಾನೆ. ಹಣ ಕೊಟ್ಟು ಬೇರೊಂದನ್ನು ತಂದರೆ ಒಂದನ್ನು ಮಾತ್ರ ತನ್ನಿ. ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಇಟ್ಟರೆ ಅವು ಒಂದನ್ನೊಂದು ಕಳ್ಳನೆಂದು ಭಾವಿಸಿ ಜಗಳಕ್ಕಿಳಿಯುತ್ತವೆ, ಯಂತ್ರ ನಿಧಾನವಾಗುತ್ತದೆ.

ಎರಡನೆಯ ಪ್ರಶ್ನೆ: ಇದನ್ನು ಪರೀಕ್ಷಿಸಿದವರು ಯಾರು? ಪೆಟ್ಟಿಗೆಯ ಮೇಲಿನ ಹೊಗಳಿಕೆಯನ್ನು ಕಂಪನಿಯೇ ಬರೆದಿರುತ್ತದೆ. ನಮ್ಮ ಮಕ್ಕಳ ಉತ್ತರ ಪತ್ರಿಕೆಯನ್ನು ಅವರೇ ತಿದ್ದಲು ನಾವು ಬಿಡುವುದಿಲ್ಲ, ಇಲ್ಲಿಯೂ ಹಾಗೆಯೇ. ಜರ್ಮನಿಯ ಮಾಗ್ಡೆಬರ್ಗ್ ನಗರದ ಎವಿ-ಟೆಸ್ಟ್, ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದ ಎವಿ-ಕಂಪ್ಯಾರಟಿವ್ಸ್ ಎಂಬ ಸ್ವತಂತ್ರ ಸಂಸ್ಥೆಗಳು ಈ ತಂತ್ರಾಂಶಗಳನ್ನು ನಿಯತವಾಗಿ ಪರೀಕ್ಷಿಸಿ ಫಲಿತಾಂಶಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುತ್ತವೆ. ಎವಿ-ಟೆಸ್ಟ್‌ನವರು ರಕ್ಷಣೆ, ಯಂತ್ರದ ವೇಗ, ಬಳಕೆಯ ಸುಲಭತೆ ಎಂಬ ಮೂರು ವಿಷಯಗಳಿಗೆ ತಲಾ 6ರಂತೆ 18 ಅಂಕಗಳಿಗೆ ಬೆಲೆ ಕಟ್ಟುತ್ತಾರೆ. ಒಂದೇ ತಿಂಗಳ ಅಂಕವನ್ನು ನೋಡಿ ಮರುಳಾಗಬೇಡಿ. ವರ್ಷವಿಡೀ ಒಂದೇ ಮಟ್ಟ ಕಾಯ್ದುಕೊಂಡದ್ದನ್ನು ಆರಿಸಿ.

ಮೂರನೆಯ ಪ್ರಶ್ನೆ: ನಮ್ಮ ಯಂತ್ರ ಇದರ ಭಾರವನ್ನು ತಾಳುತ್ತದೆಯೇ? ಹಳೆಯ ಯಂತ್ರಕ್ಕೆ ಭಾರವಾದ ತಂತ್ರಾಂಶ ಹಾಕಿದರೆ ಮಗುವಿನ ಆನ್‌ಲೈನ್ ಪಾಠ ನಡುವೆಯೇ ನಿಲ್ಲುತ್ತದೆ. ಆಗ ಮನೆಯವರೇ ಬೇಸತ್ತು ಅದನ್ನು ನಿಲ್ಲಿಸುತ್ತಾರೆ. ನಿಲ್ಲಿಸಿದ ಉತ್ತಮ ತಂತ್ರಾಂಶಕ್ಕಿಂತ ನಡೆಯುತ್ತಿರುವ ಸಾಧಾರಣ ತಂತ್ರಾಂಶ ಮೇಲು. ಅದಕ್ಕೇ ಪರೀಕ್ಷಾ ಸಂಸ್ಥೆಗಳು ವೇಗಕ್ಕೂ ಅಂಕ ಕೊಡುವುದು. ಬಹುತೇಕ ಕಂಪನಿಗಳು ಕೆಲವು ದಿನ ಉಚಿತವಾಗಿ ಬಳಸಿ ನೋಡಲು ಅವಕಾಶ ಕೊಡುತ್ತವೆ. ಹಣ ಕೊಡುವ ಮುನ್ನ ನಿಮ್ಮ ಯಂತ್ರದಲ್ಲಿಯೇ ನೋಡಿರಿ.

ನಾಲ್ಕನೆಯ ಪ್ರಶ್ನೆ: ಇದರ ನಿಜವಾದ ಬೆಲೆಯೆಷ್ಟು? ಮೊದಲ ವರ್ಷದ ರಿಯಾಯಿತಿ ಬೆಲೆಯನ್ನು ನೋಡಿ ಕೊಂಡವರು ಎರಡನೆಯ ವರ್ಷದ ನವೀಕರಣದ ಬೆಲೆ ಕಂಡು ಬೆಚ್ಚುತ್ತಾರೆ. ಆದುದರಿಂದ ಎಷ್ಟು ಯಂತ್ರಗಳಿಗೆ, ಎಷ್ಟು ವರ್ಷಕ್ಕೆ, ಮರುವರ್ಷ ಎಷ್ಟು ಎಂದು ಮೂರನ್ನೂ ಕೇಳಿ. ಹಣವಿಲ್ಲದೆ ಸಿಗುವುದಕ್ಕೂ ಕೆಲವೊಮ್ಮೆ ಬೇರೆ ರೂಪದ ಬೆಲೆಯಿರುತ್ತದೆ. ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಅವಾಸ್ಟ್ ಎಂಬ ಕಂಪನಿಯು, ತನ್ನನ್ನು ನಂಬಿದ ಬಳಕೆದಾರರು ಯಾವ ಯಾವ ತಾಣಗಳನ್ನು ನೋಡಿದರು ಎಂಬ ವಿವರಗಳನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಆರೋಪಿಸಿತು. ಕಂಪನಿ 1 ಕೋಟಿ 65 ಲಕ್ಷ ಡಾಲರ್ ತೆರಬೇಕಾಯಿತು. ಉಚಿತವಾದುದೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ಕಾವಲುಗಾರನಿಗೆ ಮನೆಯ ಎಲ್ಲ ಕೋಣೆಗಳೂ ಕಾಣುತ್ತವೆ. ಅವನ ಸಂಬಳ ಎಲ್ಲಿಂದ ಬರುತ್ತದೆ ಎಂದು ಕೇಳುವುದು ಮನೆಯವರ ಹಕ್ಕು. ಕಳ್ಳಪ್ರತಿಯ ಆಂಟಿವೈರಸ್ಸಿನ ಬಗೆಗೆ ಹೇಳುವುದೇ ಬೇಡ. ಅದು ಕಳ್ಳನ ಕೈಗೇ ಕೀಲಿ ಕೊಟ್ಟಂತೆ.

ಐದನೆಯ ಪ್ರಶ್ನೆ: ತೊಂದರೆಯಾದಾಗ ಯಾರನ್ನು ಕೇಳಬೇಕು? ಮನೆಯಲ್ಲಿ ಹಿರಿಯರಷ್ಟೇ ಇದ್ದಾಗ ಇದು ದೊಡ್ಡ ಪ್ರಶ್ನೆ. ನಮ್ಮ ದೇಶದ ಕಂಪನಿಗಳೂ ಈ ಕ್ಷೇತ್ರದಲ್ಲಿವೆ ಎಂಬುದು ಸಂತೋಷದ ಸಂಗತಿ. ಚೆನ್ನೈಯ ಕೆ7, ಮುಂಬಯಿಯ ಇಸ್ಕ್ಯಾನ್, ಪುಣೆಯ ಕ್ವಿಕ್ ಹೀಲ್ ಇವುಗಳಲ್ಲಿ ಕೆಲವು. ಕ್ವಿಕ್ ಹೀಲ್‌ನ ಕಥೆಯನ್ನು ನಮ್ಮ ಮಕ್ಕಳು ಕೇಳಬೇಕು. ಶಾಲೆಯ ಓದನ್ನು ಹತ್ತನೆಯ ತರಗತಿಗೆ ನಿಲ್ಲಿಸಿದ ಕೈಲಾಸ್ ಕಾಟ್ಕರ್ ಎಂಬವರು ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತ, ಮುಂದೆ ಗಣಕಯಂತ್ರಗಳ ದುರಸ್ತಿಗೆ ಇಳಿದರು. ದುರಸ್ತಿಗೆ ಬಂದ ಯಂತ್ರಗಳಲ್ಲಿ ವೈರಸ್ ಕಾಟ ಹೆಚ್ಚಾಗಿದ್ದುದನ್ನು ಕಂಡು, ಗಣಕ ವಿದ್ಯಾರ್ಥಿಯಾಗಿದ್ದ ತಮ್ಮ ಸಂಜಯ್ ಅದಕ್ಕೆ ಪರಿಹಾರದ ತಂತ್ರಾಂಶಗಳನ್ನು ಬರೆದರು. 1995ರಲ್ಲಿ ಅದೇ ಒಂದು ಆಂಟಿವೈರಸ್ ಆಗಿ ಮಾರುಕಟ್ಟೆಗೆ ಬಂತು. ನಾನು ಯಾವ ಕಂಪನಿಯ ಪ್ರಚಾರಕನೂ ಅಲ್ಲ. ಮೇಲಿನ ನಾಲ್ಕು ಪ್ರಶ್ನೆಗಳನ್ನು ಇವುಗಳಿಗೂ ಕೇಳಿಯೇ ಕೊಳ್ಳಿರಿ. ಯಂತ್ರದಲ್ಲಿ ಸೋಂಕು ಸೇರಿದೆಯೆಂಬ ಸಂಶಯವಿದ್ದರೆ, ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಿಂದ ಅದನ್ನು ತೆಗೆಯುವ ಸಾಧನಗಳನ್ನು ಉಚಿತವಾಗಿ ಪಡೆಯಬಹುದು.

ಕಾವಲುಗಾರನ ನೇಮಕವಾಯಿತು. ಆದರೆ ಕೋಟೆಯಲ್ಲಿ ಕಿಂಡಿಯಿದ್ದರೆ? ಒನಕೆ ಓಬವ್ವನ ಪಾಠವನ್ನು ನಾವೆಲ್ಲ ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಕೇಳಿದವರು. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಶತ್ರುಗಳು ಹೆಬ್ಬಾಗಿಲಿನಿಂದ ನುಗ್ಗಲಿಲ್ಲ. ಒಂದು ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿದರು. ವಿಂಡೋಸ್‌ನಂಥ ವ್ಯವಸ್ಥೆಗಳಲ್ಲಿಯೂ ಇಂಥ ಕಿಂಡಿಗಳು ಆಗಾಗ ಪತ್ತೆಯಾಗುತ್ತವೆ. ಅವನ್ನು ಮುಚ್ಚುವ ಕೆಲಸವೇ ಅಪ್‌ಡೇಟ್. 2017ರ ಮೇ 12ರಂದು ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿತು. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಕಂಪನಿ ಮಾರ್ಚ್ 14ರಂದೇ, ಸುಮಾರು ಎರಡು ತಿಂಗಳ ಮೊದಲೇ, ಕೊಟ್ಟಿತ್ತು. ಅದನ್ನು ಅಳವಡಿಸಿಕೊಂಡ ಯಂತ್ರಗಳಿಗೆ ಆ ಕಿಂಡಿಯಿಂದ ಅಪಾಯವಾಗಲಿಲ್ಲ. "ನಾಳೆ ನೆನಪಿಸು" ಎಂಬ ಗುಂಡಿಯನ್ನು ಒತ್ತಿದವರು ಕಷ್ಟಕ್ಕೆ ಸಿಲುಕಿದರು.

ಇದೇ ಕಾರಣಕ್ಕೆ ಇನ್ನೊಂದು ಮಾತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಮುಗಿಯಿತು. ನಿಮ್ಮ ಯಂತ್ರ ವಿಂಡೋಸ್ 11ನ್ನು ಸ್ವೀಕರಿಸುವುದಾದರೆ ಬದಲಾಯಿಸಿಕೊಳ್ಳಿ. ಹಳೆಯ ಯಂತ್ರವಾದರೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯೂ ಇದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಅದೇ ಬಳಕೆಯಲ್ಲಿದೆ. ಕಾಸರಗೋಡಿನ ನಮ್ಮ ಕನ್ನಡದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಿದ್ದಾರೆ.

ಆಂಟಿವೈರಸ್ ಮಾಡಲಾರದ ಕೆಲಸಗಳೂ ಇವೆ. ನೀವೇ ಫೋನಿನಲ್ಲಿ ಒಟಿಪಿ ಹೇಳಿದರೆ ಅದು ತಡೆಯಲಾರದು. "ನಿಮ್ಮ ಗಣಕಯಂತ್ರಕ್ಕೆ ವೈರಸ್ ತಗುಲಿದೆ, ಕೂಡಲೇ ಈ ಸಂಖ್ಯೆಗೆ ಕರೆಮಾಡಿ" ಎಂದು ಪರದೆಯ ತುಂಬ ಚೀರುವ ಕಿಟಕಿ ತೆರೆದುಕೊಂಡರೆ, ಅದು ಕಾವಲುಗಾರನ ದನಿಯಲ್ಲ. ಕಾವಲುಗಾರನ ವೇಷ ತೊಟ್ಟ ಕಳ್ಳನ ದನಿ. ನಿಜವಾದ ಆಂಟಿವೈರಸ್ ಹೀಗೆ ಫೋನ್ ಮಾಡಲು ಹೇಳುವುದಿಲ್ಲ. ಆ ಕಿಟಕಿಯನ್ನು ಮುಚ್ಚಿರಿ, ಮುಚ್ಚಲಾಗದಿದ್ದರೆ ಯಂತ್ರವನ್ನೇ ಆರಿಸಿರಿ. ಯಾರಿಗೂ ದೂರದಿಂದ ನಿಮ್ಮ ಯಂತ್ರ ನಡೆಸಲು ಬಿಡಬೇಡಿ. ಹಣ ಹೋಗಿದ್ದರೆ ನಾಚಿಕೆಪಡದೆ ಕೂಡಲೇ 1930 ಸಂಖ್ಯೆಗೆ ಕರೆಮಾಡಿರಿ. ತಡಮಾಡಿದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ. ಗೋವೆಯಲ್ಲಿ ರಾಯಬಂದರದ ಸೈಬರ್ ಅಪರಾಧ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಬೇರೆ ಭಾಷೆಯ ನಾಡಿನಲ್ಲಿ ದೂರು ಹೇಗೆ ಬರೆಯುವುದೆಂದು ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ಅಂಥ ಸಂದರ್ಭದಲ್ಲಿ ಈ ಸಭೆಯಲ್ಲಿರುವ ಯಾರನ್ನಾದರೂ ಕರೆಯಿರಿ. ಹಳೆಯ ವಿದ್ಯಾರ್ಥಿಗಳ ಸಂಘ ಇರುವುದೇ ಇಂಥ ಹೊತ್ತಿಗಾಗಿ.

ಪಾಲಕರಲ್ಲಿ ಒಂದು ವಿಶೇಷ ಪ್ರಾರ್ಥನೆ. ಮನೆಯ ಯಂತ್ರದಲ್ಲಿ ಮಕ್ಕಳಿಗೆ ಬೇರೆ ಖಾತೆ ಮಾಡಿಕೊಡಿ; ಹೊಸ ತಂತ್ರಾಂಶ ಹಾಕುವ ಅಧಿಕಾರ ದೊಡ್ಡವರ ಖಾತೆಗೆ ಮಾತ್ರ ಇರಲಿ. ಆಟದ ಕಳ್ಳಪ್ರತಿಯ ಆಸೆಗೆ ಮಗು ಆಂಟಿವೈರಸ್ ನಿಲ್ಲಿಸಿದರೆ ಅದನ್ನು ಬೈಯುವ ಮುನ್ನ ನನ್ನನ್ನು ನೆನೆಯಿರಿ. ಅರವತ್ತು ದಾಟಿದ ನಾನು ಮಾಡಿದ್ದೂ ಅದನ್ನೇ. ಕಾವಲುಗಾರನನ್ನು ನಿಲ್ಲಿಸೆಂದು ಹೇಳುವ ಯಾವುದೇ ವಸ್ತು ಮನೆಯೊಳಗೆ ಬರಲು ಯೋಗ್ಯವಲ್ಲವೆಂಬ ಒಂದೇ ಮಾತನ್ನು ಅವರಿಗೆ ಕಲಿಸಿರಿ.

ಕೊನೆಯದಾಗಿ, ಎಲ್ಲ ಕಾವಲೂ ಸೋತ ದಿನಕ್ಕಾಗಿ ಒಂದು ಪ್ರತಿ ಬೇರೆಡೆ ಇರಬೇಕು. ಮುಖ್ಯವಾದುದಕ್ಕೆ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯ ಹೊರಗೆ ಎಂಬುದು ಬಲ್ಲವರ ಸೂತ್ರ. ಹೊರಗಿನ ಹಾರ್ಡ್ ಡಿಸ್ಕನ್ನು ನಕಲು ಮುಗಿದ ಕೂಡಲೇ ಬಿಡಿಸಿಡಬೇಕು. ಜೋಡಿಸಿಯೇ ಇಟ್ಟರೆ ಒತ್ತೆಕಳ್ಳ ಅದಕ್ಕೂ ಬೀಗ ಹಾಕುತ್ತಾನೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಗೆ ನಾನೇ ಉದಾಹರಣೆಯಾದ ಮೇಲೆ ಇದನ್ನು ಕಲಿತೆ. ಮರುಸಂಗ್ರಹಿಸಿದ ಚಿತ್ರಗಳ ಒಂದು ಪ್ರತಿ ಈಗ ನನ್ನ ಯಂತ್ರದಲ್ಲಿದೆ, ಒಂದು ಹಾರ್ಡ್ ಡಿಸ್ಕಿನಲ್ಲಿದೆ. ಮೂರನೆಯದನ್ನು ಇಂದು ಮುಖ್ಯಾಧ್ಯಾಪಕರ ಕೈಗೆ ಒಪ್ಪಿಸುತ್ತಿದ್ದೇನೆ. ಶಾಲೆಯ ಕಪಾಟಿನಲ್ಲಿ ದಾಖಲೆ ಪುಸ್ತಕಗಳ ಪಕ್ಕದಲ್ಲಿ ಅದಕ್ಕೊಂದು ಜಾಗ ಸಿಗಲೆಂದು ಬೇಡುತ್ತೇನೆ.

ಕಳೆದುಹೋದ ಆ ತರಗತಿಯ ಚಿತ್ರಕ್ಕಾಗಿ ಸಂಚಿಕೆಯಲ್ಲಿ ಒಂದು ಪುಟವನ್ನು ಕಾಯ್ದಿರಿಸಿದ್ದೆವು. ಆ ಪುಟದಲ್ಲಿ ಈಗ ಚಿತ್ರವಿರುವುದಿಲ್ಲ. ಆದರೆ ಆಲ್ಬಮ್ಮಿನ ಅಜ್ಜಿಯವರು ಕಣ್ಣುಮುಚ್ಚಿ ಕುಳಿತು, ಎಡದಿಂದ ಬಲಕ್ಕೆ, ಮೊದಲ ಸಾಲಿನಲ್ಲಿದ್ದ ಏಳು ಹೆಣ್ಣುಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಆ ಪುಟದಲ್ಲಿ ಆ ಹೆಸರುಗಳು ಅಚ್ಚಾಗುತ್ತವೆ. ಅವರ ಮುಖಗಳನ್ನು ನಾನು ಕಾಯಲಿಲ್ಲ. ನಿಮ್ಮ ನಿಮ್ಮ ಮನೆಗಳಲ್ಲಿರುವ ಮುಖಗಳನ್ನು ನೀವು ಕಾಯ್ದುಕೊಳ್ಳಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.